ಯುವ ಬರಹಗಾರನಿಗೆ ಪತ್ರ: ‘ವೋಕ್’ ಯಾರ ಮಾತು?

ಪ್ರೀತಿಯ ತಮ್ಮಾ,

ನಿನ್ನ ಲೇಖನ ಓದಿದೆ. ಬರವಣಿಗೆ ಚುರುಕಾಗಿದೆ. ಆದರೆ ‘ವೋಕ್ ಮಂದಿ’ ಅಂತ ಐದಾರು ಕಡೆ ಬರೆದಿದ್ದೀಯ. ಯಾರನ್ನು ಬೈಯುತ್ತಿದ್ದೀಯ ಅಂತ ಒಂದು ಕಡೆಯೂ ಗೊತ್ತಾಗುವುದಿಲ್ಲ. ಅದಕ್ಕೇ ಈ ಪತ್ರ.

ಆ ಪದ ಅಮೆರಿಕದ ಕಪ್ಪು ಜನರ ಆಡುಮಾತು. ಎಚ್ಚರವಾಗಿರುವುದು ಅಂತ ಅದರ ಅರ್ಥ. ಅದರ ಹಿಂದಿನ ಕಥೆ ಕೇಳು. 1931ರಲ್ಲಿ ಅಲ್ಲಿನ ಅಲಬಾಮಾ ರಾಜ್ಯದಲ್ಲಿ ಗೂಡ್ಸ್ ರೈಲು ಹತ್ತಿ ಹೊರಟಿದ್ದ ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಇಬ್ಬರು ಬಿಳಿಯ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು ಅಂತ ಆರೋಪ. ಸ್ಕಾಟ್ಸ್‌ಬರೊ ಊರಲ್ಲಿ ವಿಚಾರಣೆ, ತೀರ್ಪು ಹೇಳುವ ನಾಗರಿಕರ ಗುಂಪಾದ ಜೂರಿಯಲ್ಲಿ ಬರೀ ಬಿಳಿಯರು. ಕೆಲವೇ ದಿನಗಳಲ್ಲಿ ಎಂಟು ಜನರಿಗೆ ಮರಣದಂಡನೆ. 1933ರಲ್ಲಿ ಆ ಹೆಂಗಸರಲ್ಲೇ ಒಬ್ಬಳು ಕೋರ್ಟಿಗೆ ಬಂದು, ಹಾಗೇನೂ ನಡೆದೇ ಇಲ್ಲ ಅಂದಳು. ಆದರೂ ಜೂರಿ, ಆಗ ವಿಚಾರಣೆಗೆ ನಿಂತಿದ್ದ ಹುಡುಗನದೇ ತಪ್ಪು ಅಂದಿತು! ಶಿಕ್ಷೆ ಜಾರಿಯಾಗಲಿಲ್ಲ ನಿಜ, ಆದರೆ ಆ ಹುಡುಗರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು.

ಲೆಡ್ ಬೆಲ್ಲಿ ಎಂಬ ಕಪ್ಪು ಗಾಯಕ ಇವರ ಮೇಲೆ ಹಾಡು ಕಟ್ಟಿದ. 1938ರ ರೆಕಾರ್ಡಿಂಗ್‌ನಲ್ಲಿ, ಹಾಡು ಮುಗಿದ ಮೇಲೆ ಅವನು ಮಾತಾಡುತ್ತಾನೆ. ಆ ಕಡೆ ಹೋಗುವವರು ಸ್ವಲ್ಪ ಹುಷಾರು, ‘ಸ್ಟೇ ವೋಕ್’, ಎಚ್ಚರವಾಗಿರಿ, ಕಣ್ಣು ಬಿಟ್ಟುಕೊಂಡಿರಿ ಅನ್ನುತ್ತಾನೆ. ಒಮ್ಮೆ ಹುಡುಕಿ ಕೇಳು. ದೂರದೂರಿಗೆ ಹೊರಟ ಮಗನಿಗೆ ಬಾಗಿಲಲ್ಲಿ ನಿಂತು ಹೇಳಿದ ಹಾಗಿದೆ. ಜೀವ ಉಳಿಸಿಕೊಳ್ಳಲು ಹೇಳಿದ ಮಾತು ಅದು.

1962ರಲ್ಲಿ ವಿಲಿಯಂ ಮೆಲ್ವಿನ್ ಕೆಲ್ಲಿ ಎಂಬ ಕಪ್ಪು ಲೇಖಕ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನದ ತಲೆಬರಹದಲ್ಲೇ ಈ ಪದ ಇತ್ತು. ತಮ್ಮವರ ಮಾತುಗಳನ್ನು ಬಿಳಿಯರು ಎತ್ತಿಕೊಂಡಾಗ ಏನಾಗುತ್ತದೆ ಅನ್ನುವುದೇ ಅದರ ವಿಷಯ. ಎಷ್ಟು ಮುಂಚೆ ಕಂಡಿದ್ದ, ಅಲ್ವಾ? 2014ರಲ್ಲಿ ಅಮೆರಿಕದ ಫರ್ಗ್ಯುಸನ್ ಎಂಬ ಊರಲ್ಲಿ ಮೈಕೆಲ್ ಬ್ರೌನ್ ಎಂಬ ಕಪ್ಪು ಹುಡುಗ ಪೊಲೀಸ್ ಗುಂಡಿಗೆ ಸತ್ತಾಗ ಆ ಪದ ಮತ್ತೆ ಬೀದಿಗಿಳಿಯಿತು. 2017ರಲ್ಲಿ, ಅನ್ಯಾಯದ ಬಗ್ಗೆ ಎಚ್ಚರವಾಗಿರುವುದು ಎಂಬ ಅದರ ಈ ಅರ್ಥ ಆಕ್ಸ್‌ಫರ್ಡ್ ನಿಘಂಟು ಸೇರಿತು. 2022ರ ಹೊತ್ತಿಗೆ ಅದನ್ನು ತಡೆಯುತ್ತೇವೆ ಅನ್ನುವ ಹೆಸರಿನಲ್ಲೇ ಅಮೆರಿಕದ ಫ್ಲಾರಿಡಾ ರಾಜ್ಯ ಒಂದು ಕಾನೂನು ತಂದಿತ್ತು. ನಿನ್ನ ಕೈಗೆ ಸಿಕ್ಕಿರುವುದು ಈ ಕೊನೆಯ ಅರ್ಥ ಮಾತ್ರ. ಅದು ನ್ಯಾಯ, ಸಮಾನತೆ ಅಂತ ಅತಿಯಾಗಿ ಮಾತಾಡುವವರು ಅನ್ನುವ ಬೈಗುಳ.

ಸಿಟ್ಟು ಬೇಡ ಅಂತ ನಾನು ಹೇಳುವುದಿಲ್ಲ. ಯಾರ ಮೇಲೆ ಸಿಟ್ಟು, ಅವರು ಮಾಡಿದ್ದೇನು ಅಂತ ಬರೆ. ಯಾವುದೋ ಕಾಲೇಜು ಒಬ್ಬರ ಭಾಷಣ ರದ್ದು ಮಾಡಿದ್ದು ತಪ್ಪು ಅನ್ನಿಸಿದರೆ, ಅದನ್ನೇ ನೇರವಾಗಿ ಹೇಳು. ಸುಮ್ನೆ ಒಂದು ಪದ ಎಸೆದರೆ ನಿನ್ನ ಕಡೆಯವರು ತಲೆಯಾಡಿಸುತ್ತಾರೆ, ಉಳಿದವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಆ ಪದ ಬಂದ ಕಡೆಯೆಲ್ಲ ಅದನ್ನು ತೆಗೆದು, ನೀನು ಹೇಳಬೇಕೆಂದದ್ದನ್ನು ಪೂರ್ತಿ ವಾಕ್ಯದಲ್ಲಿ ಬರೆದು ಕಳಿಸು. ಎರಡನೇ ಪ್ಯಾರಾದಿಂದ ಶುರು ಮಾಡು, ಅಲ್ಲೇ ಜಾಸ್ತಿ ತೊಂದರೆ ಇರುವುದು.

ನಿನ್ನ
ಅಣ್ಣ