ಬೇಸಿಗೆಯ ಹೂದೋಟದಲ್ಲಿ ಜೇನು, ಚಿಟ್ಟೆಗಳಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಯುಗಾದಿಯ ಬೇವು–ಬೆಲ್ಲಕ್ಕೆಂದು ಬೇವಿನ ಹೂ ಬಿಡಿಸಲು ಹೋದವರಿಗೆ ಮರದ ತುಂಬ ಜೇನು ಮೊರೆಯುವುದು ಕೇಳಿಸದೇ ಇರದು. ಅದರ ಬೆನ್ನಿಗೇ ಹೊಂಗೆ ಅರಳಿ ರಸ್ತೆಯಂಚಿಗೆ ಹೂ ಹಾಸುತ್ತದೆ. ಕಕ್ಕೆ ತನ್ನ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಬಿಸಿಲು ಬಲಿಯುವ ಈ ತಿಂಗಳುಗಳಲ್ಲಿ ಮೈಸೂರಿನ ಕೋಲುಜೇನು, ತುಡುವೆ, ಹೆಜ್ಜೇನುಗಳ ಹೊಟ್ಟೆ ತುಂಬಿಸುವಲ್ಲಿ ನಮ್ಮ ನೆಲದ ಇಂಥ ಮರಗಳದ್ದೇ ದೊಡ್ಡ ಪಾಲು. ಆದರೆ ಮರದಿಂದ ಕಣ್ಣು ಕೆಳಗಿಳಿಸಿ ಬಡಾವಣೆಯ ಉದ್ಯಾನಗಳನ್ನೂ ಮನೆಯಂಗಳಗಳನ್ನೂ ನೋಡಿದರೆ ಅವುಗಳಿಗೆ ಅಲ್ಲಿ ಸಿಗುವುದು ಬಹಳ ಕಡಿಮೆ.

ನಮ್ಮ ಮನೆಯ ಹತ್ತಿರದ ಉದ್ಯಾನದ ಬೇಲಿಯಂಚಿನಲ್ಲಿ ಮೊದಲು ಎಕ್ಕ, ತುಂಬೆ, ತಂಗಡಿ ತಾವಾಗಿಯೇ ಬೆಳೆದಿದ್ದವು. ಅವನ್ನು ಕಳೆಯೆಂದು ಬುಡಸಹಿತ ಕಿತ್ತು ಹುಲ್ಲುಹಾಸು ಹಾಸಿ, ಎಸಳು ಒತ್ತಾಗಿರುವ ಸುತ್ತು ಹೂಗಳ ಗಿಡಗಳನ್ನು ಸಾಲಾಗಿ ಇಟ್ಟರು. ನೋಡಲು ಚೆನ್ನಾಗಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಪರಾಗ ಅತ್ಯಲ್ಪ, ಮಕರಂದದವರೆಗೆ ಜೇನಿನ ಬಾಯಿ ತಲುಪುವುದೂ ಕಷ್ಟ. ಎಕ್ಕ ಹೋದದ್ದು ನನಗೆ ಹೆಚ್ಚು ನೋವು ತಂದಿದೆ. ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಮೊಟ್ಟೆಯಿಡುವುದು ಎಕ್ಕದಂಥ ಹಾಲು ಸುರಿಸುವ ಗಿಡಗಳ ಮೇಲೆ.

ಚಿಟ್ಟೆ ಬೇಕೆನ್ನುವವರು ಬಹುತೇಕ ಮರೆಯುವ ಸಂಗತಿ ಇದೇ. ಚಿಟ್ಟೆ ಹಲವು ಹೂಗಳ ಮಕರಂದ ಹೀರಬಲ್ಲದು, ಆದರೆ ಅದರ ಮರಿಹುಳು ತಿನ್ನುವ ಎಲೆ ಕೆಲವೇ ಗಿಡಗಳದ್ದು. ನಮ್ಮ ರಾಜ್ಯದ ಚಿಟ್ಟೆಯಾದ ಸದರನ್ ಬರ್ಡ್‌ವಿಂಗ್‌ನ ಹುಳುವಿಗೆ ಈಶ್ವರಿ ಬಳ್ಳಿಯ ಕುಲದ ಬಳ್ಳಿಗಳ ಎಲೆಯೇ ಆಗಬೇಕು. ಅಷ್ಟು ದೂರ ಏಕೆ, ಮನೆಯ ಕರಿಬೇವನ್ನೇ ನೋಡಿ. ಕಳೆದ ವರ್ಷ ಕೈತೋಟದ ಕೆಲಸಕ್ಕೆ ಬಂದವರು, “ಅಮ್ಮಾವ್ರೇ, ಕರಿಬೇವಿಗೆ ಹುಳ ಬಿದ್ದೈತೆ, ಔಷ್ಧಿ ಹೊಡೆದ್ಬಿಡ್ಲಾ?” ಎಂದು ಕೇಳಿದರು. ಬೇಡವೆಂದೆ. ಹಕ್ಕಿ ಹಿಕ್ಕೆಯಂತೆ ಕಾಣುತ್ತಿದ್ದ ಆ ಹುಳುಗಳು ದಿನಕಳೆದಂತೆ ಎಲೆಹಸಿರಾದವು. ಬೆರಳು ತಾಕಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡನ್ನು ಹೊರಚಾಚಿ ಘಾಟುವಾಸನೆ ಬೀರುತ್ತಿದ್ದವು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ಹಿಂದಿನ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಪಟ್ಟಿಯಿದ್ದ ಕಪ್ಪು ಚಿಟ್ಟೆಯೊಂದು ಖಾಲಿ ಕೋಶದ ಪಕ್ಕದಲ್ಲೇ ಕುಳಿತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಗಿಡ ಸಾಯಲಿಲ್ಲ, ಮತ್ತೆ ಚಿಗುರಿತು. ನಮ್ಮ ಒಗ್ಗರಣೆಗೂ ಕೊರತೆಯಾಗಲಿಲ್ಲ.

ಅಂಗಳವಿಲ್ಲದವರೂ ಮಹಡಿಯ ಕುಂಡದಲ್ಲಿ ತುಳಸಿ, ಕಾಮಕಸ್ತೂರಿ, ಕೇಪಳ, ಕನಕಾಂಬರ ಬೆಳೆಸಬಹುದು. ತುಳಸಿಯ ತೆನೆಗಳನ್ನೆಲ್ಲ ಚಿವುಟಿ ಹಾಕದೆ ಒಂದೆರಡನ್ನು ಜೇನಿಗೆಂದು ಉಳಿಸಬೇಕು. ಹೂ ಅರಳಿರುವಾಗ ಯಾವ ಗಿಡಕ್ಕೂ ಕೀಟನಾಶಕ ಹೊಡೆಯಬಾರದು. ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲು ಮುಳುಗದಷ್ಟು ನೀರಿಟ್ಟರೆ ಜೇನು ಮುಳುಗದೆ ಕುಡಿಯುತ್ತದೆ. ಒಂಟಿಯಾಗಿ ಬಾಳುವ ಹಲವು ಬಗೆಯ ಜೇನುಗಳು ಬರಿಮಣ್ಣಿನಲ್ಲಿ ಬಿಲ ತೋಡಿ ಮರಿಮಾಡುತ್ತವೆಯಾದ್ದರಿಂದ ಮನೆಯ ಸುತ್ತಲ ನೆಲಕ್ಕೆಲ್ಲ ಕಾಂಕ್ರೀಟು ಬಳಿಯುವ ರೂಢಿಯನ್ನೂ ನಾವು ಬಿಡಬೇಕಾಗಿದೆ.

ಕಾರಂಜಿ ಕೆರೆಯಲ್ಲಿ ಚಿಟ್ಟೆ ಉದ್ಯಾನವನ್ನೇ ಮಾಡಿಕೊಂಡ ಊರಿಗೆ ಈ ಮಾತು ಹೊಸದಲ್ಲ. ಆದರೆ ಒಂದು ಕೆರೆಯ ಬಳಿ ಇದ್ದರೆ ಸಾಲದು, ಪ್ರತಿ ಬಡಾವಣೆಯ ಉದ್ಯಾನದಲ್ಲೂ ಒಂದು ಮೂಲೆಯನ್ನು ಕತ್ತರಿಸದೆ, ಔಷಧಿ ಹೊಡೆಯದೆ ಎಕ್ಕ, ತುಂಬೆ, ತಂಗಡಿ, ಈಶ್ವರಿ ಬಳ್ಳಿಗಳಿಗೆ ಬಿಟ್ಟುಕೊಡಬೇಕು. ಅಲ್ಲೊಂದು ಫಲಕ ಹಾಕಿದರೆ ಅದು ಪಾಳು ಬಿಟ್ಟ ಜಾಗವಲ್ಲವೆಂದು ವಾಯುವಿಹಾರಕ್ಕೆ ಬರುವವರಿಗೆ ತಿಳಿಯುತ್ತದೆ. ಕುಪ್ಪಣ್ಣ ಉದ್ಯಾನದಲ್ಲಿ ನಡೆಯುವ ದಸರಾ ಫಲಪುಷ್ಪ ಪ್ರದರ್ಶನದಲ್ಲೂ ನಾಡಹೂಗಳಿಗೆ ಒಂದು ವಿಭಾಗವಿರಲಿ. ಮುಂದಿನ ಬೇಸಿಗೆಗೆ ಹೂ ಕಾಣಬೇಕಾದರೆ ಗಿಡಗಳು ಈ ಮುಂಗಾರಿನಲ್ಲೇ ನೆಲ ಸೇರಬೇಕು. ಹೀಗಾಗಿ ಉದ್ಯಾನಗಳ ಹೊಣೆ ಹೊತ್ತವರು ಜೂನ್ ತಿಂಗಳ ಸಸಿಗಳ ಪಟ್ಟಿ ಅಂತಿಮವಾಗುವ ಮೊದಲೇ ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗರು, ಮೈಸೂರು