ಕೆಳಗಿನ ಬಿ.ಪಿ. ಇಳಿಯಿತೆಂದು ನೆಮ್ಮದಿಯೇ?

ಮಾನ್ಯ ಸಂಪಾದಕರೇ,

ರಕ್ತದೊತ್ತಡದ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ 120 ಮತ್ತು 80 ಎಂಬ ಎರಡು ಅಂಕಿಗಳನ್ನು ಹೇಳಿ, ಅವು ಮೀರದಂತೆ ನೋಡಿಕೊಳ್ಳಿ ಎನ್ನುವಲ್ಲಿಗೆ ಮುಗಿದುಬಿಡುತ್ತವೆ. ಆ ಎರಡರ ನಡುವಿನ ಅಂತರದ ಬಗ್ಗೆ, ಅಂದರೆ ವೈದ್ಯರು ಪಲ್ಸ್ ಪ್ರೆಷರ್ ಅಥವಾ ನಾಡಿ ಒತ್ತಡ ಎನ್ನುವ ಅಂಕಿಯ ಬಗ್ಗೆ, ಒಂದು ಸಾಲು ಕಾಣಸಿಗುವುದೂ ಅಪರೂಪ. 60 ದಾಟಿದವರ ಮಟ್ಟಿಗೆ ಇದು ಸಣ್ಣ ಲೋಪವಲ್ಲ.

ಮನೆಯಲ್ಲಿ ಬಿ.ಪಿ. ನೋಡಿ ಬರೆದಿಡುವ ಅಭ್ಯಾಸ ನನಗೆ ಹಳೆಯದು. 50ರ ಆಸುಪಾಸಿನ ಪುಟವೊಂದರಲ್ಲಿ 142/92 ಎಂದಿದೆ; ಈಗ 69ರಲ್ಲಿ ಬರೆದದ್ದು 152/68. ಕೆಳಗಿನದು ಇಷ್ಟೊಂದು ಇಳಿದಿದೆಯಲ್ಲ, ಮೇಲಿನದು ವಯಸ್ಸಿಗೆ ತಕ್ಕಂತೆ ತುಸು ಏರಿದೆ ಅಷ್ಟೇ ಎಂದು ನಾನು ನಿಶ್ಚಿಂತನಾಗಿದ್ದೆ. (ವಯಸ್ಸಿಗೆ ನೂರು ಕೂಡಿಸಿದರೆ ಬರುವುದೇ ಸರಿಯಾದ ಬಿ.ಪಿ. ಎಂಬ ಹಳೆಯ ಲೆಕ್ಕವನ್ನು ನಂಬಿ ಕೂತವರಲ್ಲಿ ನಾನೂ ಒಬ್ಬ.) ಮೇಲಿನದರಿಂದ ಕೆಳಗಿನದನ್ನು ಕಳೆದು ನೋಡುವ ಬುದ್ಧಿ ಬಂದಿದ್ದರೆ, ಒಂದು ಕಾಲಕ್ಕೆ 50 ಇದ್ದ ಅಂತರ 84ಕ್ಕೆ ಹಿಗ್ಗಿರುವುದು ಕಣ್ಣಿಗೆ ಬೀಳುತ್ತಿತ್ತು.

ಹೃದಯದಿಂದ ಹೊರಡುವ ಮಹಾಪಧಮನಿ ಬರಿಯ ಕೊಳವೆಯಲ್ಲ. ಹೃದಯ ರಕ್ತವನ್ನು ತಳ್ಳಿದಾಗ ಅದು ಉಬ್ಬಿ, ಒಂದಷ್ಟನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು, ಹೃದಯ ಸಡಿಲಗೊಂಡಾಗ ಮತ್ತೆ ಕುಗ್ಗಿ ಆ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಕುದುರೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿ ರಕ್ತದೊತ್ತಡ ಅಳೆದ ಸ್ಟೀಫನ್ ಹೇಲ್ಸ್, 1733ರಷ್ಟು ಹಿಂದೆಯೇ ಇದನ್ನು ಬೆಂಕಿ ನಂದಿಸುವ ಪಂಪಿನ ಗಾಳಿಗೂಡಿಗೆ ಹೋಲಿಸಿದ್ದ. ಕೈ ಬಿಟ್ಟು ಬಿಟ್ಟು ಒತ್ತಿದರೂ ನೀರಿನ ಧಾರೆ ಕಡಿಯದಂತೆ ಕಾಯುವುದು ಆ ಗೂಡೇ. ಮಹಾಪಧಮನಿಗೆ ಈ ಹಿಗ್ಗುವ ಗುಣ ಕೊಡುವುದು ಎಲಾಸ್ಟಿನ್ ಎಂಬ ಎಳೆಗಳು. ಅವು ಬಹುಮಟ್ಟಿಗೆ ಚಿಕ್ಕಂದಿನಲ್ಲೇ ತಯಾರಾಗಿ ಮುಗಿದಿರುತ್ತವೆ. ವರ್ಷಕ್ಕೆ ಮೂರೂವರೆ ಕೋಟಿಗೂ ಮಿಕ್ಕ ಬಡಿತಗಳಿಗೆ ಹಿಗ್ಗಿ ಕುಗ್ಗಿ ಹರಿದುಹೋದ ಎಳೆಗಳ ಜಾಗಕ್ಕೆ ಹೊಸವು ಬರುವುದು ತೀರಾ ಕಡಿಮೆ. ಆಗ ಭಾರವೆಲ್ಲ ಬಗ್ಗದ ಕೊಲಾಜೆನ್ ಎಳೆಗಳ ಮೇಲೆ ಬೀಳುತ್ತದೆ. ಗೋಡೆ ಹಿಗ್ಗದ್ದರಿಂದ ಹೃದಯ ತಳ್ಳುವ ಹೊತ್ತಿನ ಒತ್ತಡ, ಅಂದರೆ ಮೇಲಿನದು, ಏರುತ್ತದೆ; ಹಿಡಿದಿಟ್ಟ ರಕ್ತ ಕಡಿಮೆಯಾದ್ದರಿಂದ ಹೃದಯ ಸಡಿಲಗೊಂಡ ಹೊತ್ತಿನದು, ಅಂದರೆ ಕೆಳಗಿನದು, ಇಳಿಯುತ್ತದೆ. ನಾನು ಲಾಭವೆಂದು ಬರೆದುಕೊಂಡದ್ದೂ ನಷ್ಟದ ಕಡೆಯದ್ದೇ ಆಗಿತ್ತು.

ಹೃದಯದ ಸ್ನಾಯುವಿಗೆ, ಅದರಲ್ಲೂ ಎಡಭಾಗಕ್ಕೆ, ರಕ್ತ ಹರಿಯುವುದು ಹೆಚ್ಚಾಗಿ ಅದು ಸಡಿಲಗೊಂಡ ಹೊತ್ತಿನಲ್ಲಿ. ಹೀಗಾಗಿ ಬಿರುಸಾದ ನಾಳಕ್ಕೆ ಎದುರಾಗಿ ಹೆಚ್ಚು ದುಡಿಯಬೇಕಾದ ಹೃದಯಕ್ಕೆ, ತನ್ನ ಪಾಲಿನ ರಕ್ತವನ್ನು ತಲುಪಿಸುವ ಒತ್ತಡವೇ ಕಡಿಮೆಯಾಗುತ್ತದೆ. ಮಿದುಳು ಮತ್ತು ಮೂತ್ರಪಿಂಡದ ಸೂಕ್ಷ್ಮನಾಳಗಳಿಗೂ ಪ್ರತಿ ಬಡಿತದ ಪೆಟ್ಟು ಮೆತ್ತಗಾಗದೆ ತಗಲುತ್ತದೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಶುರುವಾದ ಹೃದಯ ಅಧ್ಯಯನ ಈ ವಿಷಯದಲ್ಲಿ ಬಹಳ ಕಲಿಸಿದೆ. 50ಕ್ಕಿಂತ ಕಿರಿಯರಲ್ಲಿ ಹೃದಯಕ್ಕೆ ಬರಲಿರುವ ಕುತ್ತನ್ನು ಹೆಚ್ಚು ಸೂಚಿಸುವುದು ಕೆಳಗಿನ ಅಂಕಿ. 50ರಿಂದ 59ರವರೆಗೆ ಮೇಲಿನದು, ಕೆಳಗಿನದು, ನಾಡಿ ಒತ್ತಡ ಮೂರೂ ಹೆಚ್ಚುಕಡಿಮೆ ಸಮ. 60ರ ನಂತರ ನಾಡಿ ಒತ್ತಡವೇ ಮುಂದೆ ಎಂದು ಅಲ್ಲಿನ ಅಂಕಿಅಂಶಗಳು ತೋರಿಸಿದವು. ಇಬ್ಬರು ಹಿರಿಯರಿಗೂ ಮೇಲಿನದು 150 ಇದ್ದು, ಕೆಳಗಿನದು ಒಬ್ಬರಿಗೆ 90, ಇನ್ನೊಬ್ಬರಿಗೆ 70 ಇದ್ದರೆ, ಹೆಚ್ಚು ಎಚ್ಚರ ಬೇಕಾದದ್ದು 70ರವರಿಗೆ. ಹಿರಿಯರಲ್ಲಿ ಈ ಅಂತರ 60 ಅಥವಾ ಹೆಚ್ಚಿದ್ದರೆ ಅದನ್ನು ಅಪಾಯದ ಗುರುತಾಗಿ ಎಣಿಸಬೇಕೆಂದು ಯುರೋಪಿನ ಮಾರ್ಗಸೂಚಿಗಳೂ ಹೇಳಿವೆ.

ಹಾಗೆಂದು ಅಂತರವೊಂದನ್ನೇ ಹಿಡಿದು ಕೂರುವುದೂ ಸರಿಯಲ್ಲ. 160/100 ಇದ್ದವರಿಗೂ 130/70 ಇದ್ದವರಿಗೂ ಅಂತರ 60ರಷ್ಟೇ. ಇಬ್ಬರ ಸ್ಥಿತಿ ಒಂದೇ ಎಂದು ಯಾರೂ ಹೇಳಲಾರರು. 61 ಅಧ್ಯಯನಗಳ ಸುಮಾರು 10 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ನಾಡಿ ಒತ್ತಡ ತಾನೊಂದೇ ಮೇಲಿನ ಒತ್ತಡದಷ್ಟು ಚೆನ್ನಾಗಿ ಮುನ್ಸೂಚನೆ ಕೊಡಲಿಲ್ಲ. ಮೇಲಿನದರ ಜೊತೆಗಿಟ್ಟು ಓದಿದಾಗ ಮಾತ್ರ ಅದಕ್ಕೆ ಬೆಲೆ.

ನನ್ನ ಕಳವಳವಿರುವುದು ಬೇರೊಂದು ಕಡೆ. ಕೆಳಗಿನದು ಕಡಿಮೆಯಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವ ಹಿರಿಯರನ್ನು ನಾನು ಕಂಡಿದ್ದೇನೆ. ಮೇಲಿನದು ಮಾತ್ರ ಏರಿದ್ದ, 60 ಮೀರಿದವರನ್ನೇ ಆರಿಸಿಕೊಂಡು ನಡೆಸಿ 1991ರಲ್ಲಿ ಪ್ರಕಟಿಸಿದ ‘ಶೆಪ್’ ಪ್ರಯೋಗದಲ್ಲಿ, ಮೂತ್ರವರ್ಧಕ ಮಾತ್ರೆಯಿಂದ ಶುರುವಾಗುವ ಚಿಕಿತ್ಸೆ ಪಾರ್ಶ್ವವಾಯುವನ್ನು ಶೇ 36ರಷ್ಟು ತಗ್ಗಿಸಿತು. ಕೆಳಗಿನದು ಎಷ್ಟು ಇಳಿಯಬಹುದು ಎಂಬುದನ್ನು ವೈದ್ಯರು ತೂಗಿ ನೋಡಬೇಕು ನಿಜ. ಆ ತೀರ್ಮಾನ ರೋಗಿಯ ಊಹೆಗೆ ಬಿಟ್ಟದ್ದಲ್ಲ. ಅಂತರ ಹಿಗ್ಗುವುದಕ್ಕೆ ಮಹಾಪಧಮನಿಯ ಕವಾಟದ ಸೋರಿಕೆ, ರಕ್ತಹೀನತೆ, ಥೈರಾಯ್ಡ್ ಅತಿಸ್ರಾವ ಕೂಡ ಕಾರಣವಾಗಬಹುದಾದ್ದರಿಂದ, ನನ್ನ ಪುಸ್ತಕ ನೋಡಿದ ವೈದ್ಯರು ಮೊದಲು ಎದೆಗೆ ಸ್ಟೆತೋಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

ಕೊನೆಗೊಂದು ವಿನಂತಿ. ತಮ್ಮ ಆರೋಗ್ಯ ಪುಟದಲ್ಲಿ ಈ ವಿಷಯ ಬಂದಾಗ, ಬಿ.ಪಿ. ಯಂತ್ರದ ಪರದೆಯಲ್ಲಿ ಮೂರನೆಯದಾಗಿ ಮೂಡುವ ಅಂಕಿ ನಾಡಿ ಬಡಿತವೇ ಹೊರತು ನಾಡಿ ಒತ್ತಡವಲ್ಲ ಎಂಬುದನ್ನೂ ಸೇರಿಸಿ. ಹೆಸರಿನ ಸಾಮ್ಯಕ್ಕೆ ಮೋಸಹೋಗಿ ನಾನು ಕೆಲವು ವಾರ 72, 74 ಎಂದು ಬರೆದುಕೊಂಡಿದ್ದೆ.

ಇಂತಿ,
ಓರ್ವ ಹಿರಿಯ ಓದುಗ