ಬ್ರೇಕ್‌ಗೆ ದುಡ್ಡು ಕೊಡಿ, ಸ್ಟೇರಿಂಗ್‌ಗೆ ಬೇಡ

ಸಂಪಾದಕರೇ,

ಮಂಡ್ಯ, ಮೈಸೂರು ಕಡೆ ಎಲೆಕ್ಟ್ರಿಕ್ ಕಾರು ತಗೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತೆ ಅನ್ನೋದು ಅವರ ಮೊದಲ ಪ್ರಶ್ನೆ. ಎರಡನೆಯದು, ಅಡಾಸ್ (ಕ್ಯಾಮೆರಾ, ರೇಡಾರ್ ಇಟ್ಟು ಓಡಿಸುವವರಿಗೆ ನೆರವಾಗುವ ವ್ಯವಸ್ಥೆ) ಇರುವ ಮಾಡೆಲ್‌ಗೆ ಎರಡು ಮೂರು ಲಕ್ಷ ಹೆಚ್ಚಿಗೆ ಸುರಿಯಬೇಕಾ ಬೇಡ್ವಾ ಅನ್ನೋದು. ನನ್ನ ಕಾರಿನಲ್ಲಿ ಅದು ಇದೆ, ಕೆಲಸದ ಮೇಲೆ ಮಂಡ್ಯ–ಮೈಸೂರು ಓಡಾಟ ಇದ್ದೇ ಇರುತ್ತೆ, ಹಾಗಾಗಿ ಸಿಕ್ಕವರೆಲ್ಲ ನನ್ನನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ತಾನಾಗಿ ಬ್ರೇಕ್ ಹಾಕುವುದಕ್ಕೆ, ಕನ್ನಡಿಗೆ ಸಿಗದ ಮೂಲೆಯನ್ನು ನೋಡಿ ಎಚ್ಚರಿಸುವುದಕ್ಕೆ ದುಡ್ಡು ಕೊಡಿ. ತಾನಾಗಿ ಸ್ಟೇರಿಂಗ್ ತಿರುಗಿಸುವುದಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ. ಆದರೆ ಕಂಪನಿಗಳು ಎರಡನ್ನೂ ಒಂದೇ ಗಂಟು ಕಟ್ಟಿ, ಮೇಲೆ ಸನ್‌ರೂಫನ್ನೂ ತಂಪು ಸೀಟನ್ನೂ ಹೇರಿ ಮಾರುತ್ತಿವೆ. ನನಗೆ ಸಿಟ್ಟು ಬರುವುದು ಅಲ್ಲೇ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಮುಂದಿನ ಗಾಜಿನ ಹಿಂದೆ, ಕನ್ನಡಿ ಹತ್ತಿರ ಒಂದು ಕ್ಯಾಮೆರಾ. ಮುಂದಿನ ಬಂಪರ್ ಹತ್ತಿರ ಒಂದು ರೇಡಾರ್. ಹಿಂದಿನ ಮೂಲೆಗಳಲ್ಲೂ ಸಣ್ಣ ರೇಡಾರ್‌ಗಳು. ಇವು ನೋಡಿದ್ದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಬ್ರೇಕ್, ಮೋಟಾರ್, ಸ್ಟೇರಿಂಗ್‌ಗೆ ಹೇಳುತ್ತೆ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತೆ ಅನ್ನುವ ಅಳತೆಯಲ್ಲಿ ನಮ್ಮಲ್ಲಿ ಸಿಗುವುದೆಲ್ಲ ಹೆಚ್ಚೆಂದರೆ ಲೆವೆಲ್ 2. ಅಂದರೆ ಕೈ ಸ್ಟೇರಿಂಗ್ ಮೇಲೇ ಇರಬೇಕು, ಕಣ್ಣು ರಸ್ತೆ ಮೇಲೇ ಇರಬೇಕು, ಏನಾದರೂ ಆದರೆ ಹೊಣೆ ಪೂರ್ತಿ ಓಡಿಸುವವನದೇ. ಪೆಟ್ರೋಲ್ ಕಾರಿನಲ್ಲೂ ಇದೇ ಇರುವುದು, ಎಲೆಕ್ಟ್ರಿಕ್ ಅಂತ ಬೇರೆ ಏನೂ ಇಲ್ಲ.

ಇಷ್ಟು ಗೊತ್ತಿದ್ದೂ ಮಾರುವವರು ಮಾಡುವುದೇನು? ಒಂದು ಶೋರೂಮ್‌ನಲ್ಲಿ ಟೆಸ್ಟ್ ಡ್ರೈವ್ ಅಂತ ಮೈಸೂರಿನ ರಿಂಗ್ ರೋಡ್‌ಗೆ ಕರೆದುಕೊಂಡು ಹೋದರು. ಹುಡುಗ 70ರ ಸ್ಪೀಡಲ್ಲಿ ಎರಡೂ ಕೈ ಎತ್ತಿ, "ನೋಡಿ ಸಾರ್, ಅದೇ ಹೋಗ್ತದೆ" ಅಂದ. ಹಿಂದಿನ ಸೀಟಲ್ಲಿ ಮಗು ಎತ್ತಿಕೊಂಡ ತಾಯಿ ಕೂತಿದ್ದರು. ಕೆಲವು ಸೆಕೆಂಡ್ ಆದಮೇಲೆ ಕಾರು ಬೀಪ್ ಬೀಪ್ ಅಂತ ಕೂಗಿತು, ಆಮೇಲೆ ಕೈ ಇಟ್ಟ. ಆ ಕೂಗು ಬರುವುದೇ ಕೈ ಬಿಡಬೇಡ ಅಂತ ಹೇಳೋಕೆ. ಅದನ್ನೇ ತಮಾಷೆ ಥರ ತೋರಿಸಿ ಮಾರಿದರೆ ತಗೊಂಡವನೂ ನಾಳೆ ಅದನ್ನೇ ಮಾಡುತ್ತಾನೆ ಅಲ್ವಾ? ಅಮೆರಿಕದಲ್ಲಿ ಟೆಸ್ಲಾ ಕಂಪನಿ 2023ರ ಡಿಸೆಂಬರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳ ಸಾಫ್ಟ್‌ವೇರ್ ಸರಿಪಡಿಸಬೇಕಾಗಿ ಬಂತು. ಓಡಿಸುವವರ ಗಮನ ರಸ್ತೆ ಮೇಲಿದೆಯಾ ಅಂತ ಕಾರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನುವುದೇ ಅಲ್ಲಿಯ ತಕರಾರು.

ಈಗ ಬ್ರೇಕ್ ವಿಷಯ. 100ರ ಸ್ಪೀಡಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೆ. ಮಗು ಹಿಂದೆ ಅತ್ತಿತು ಅಂತ ತಿರುಗಿ ನೋಡಿದರೆ, ಟೋಲ್ ಹತ್ತಿರ ಫೋನ್ ಕಡೆ ಕಣ್ಣು ಹಾಯಿಸಿದರೆ ಅಷ್ಟು ದೂರ ಕುರುಡಾಗಿ ಹೋದ ಹಾಗೆ. ಎಲೆಕ್ಟ್ರಿಕ್ ಕಾರಿಗೆ ಇನ್ನೊಂದು ಗುಣ ಇದೆ, ಬ್ಯಾಟರಿ ಭಾರದಿಂದ ಅದೇ ಸೈಜಿನ ಪೆಟ್ರೋಲ್ ಕಾರಿಗಿಂತ ಎಷ್ಟೋ ಕಡೆ 200–300 ಕೆಜಿ ಜಾಸ್ತಿ ತೂಗುತ್ತೆ, ಕಾಲಿಟ್ಟ ತಕ್ಷಣ ಸದ್ದೇ ಇಲ್ಲದೆ ನುಗ್ಗುತ್ತೆ, ಎಷ್ಟು ಸ್ಪೀಡಲ್ಲಿದ್ದೇವೆ ಅಂತ ಕಿವಿಗೆ ಗೊತ್ತೇ ಆಗಲ್ಲ. ಅಂಥ ಕಾರಿಗೆ ಮುಂದಿನ ಗಾಡಿ ದಿಢೀರ್ ನಿಂತಾಗ ಎಚ್ಚರಿಸಿ, ನಾವು ತಡ ಮಾಡಿದರೆ ತಾನೇ ಬ್ರೇಕ್ ಒತ್ತುವ ಯಂತ್ರ ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದೊಂದು ಸಲ ಸುಮ್‌ಸುಮ್ನೆ ಹೆದರಿ ಬ್ರೇಕ್ ಒತ್ತುವುದೂ ಉಂಟು. ಅದಕ್ಕೆ ಪೂರ್ತಿ ಆಫ್ ಮಾಡಬೇಡಿ, ಎಚ್ಚರಿಕೆ ಬೇಗ ಬರಬೇಕೋ ತಡವಾಗಿ ಬರಬೇಕೋ ಅಂತ ಸೆಟ್ಟಿಂಗ್‌ನಲ್ಲಿ ಇರುತ್ತೆ, ಬದಲಿಸಿ ನೋಡಿ.

ಹಿಂದಿನ ರೇಡಾರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಮೈಸೂರಿನಲ್ಲಿ ದಿನಾ ಕೆಲಸಕ್ಕೆ ಬರುವುದು ಅದೇ. ದೇವರಾಜ ಅರಸು ರಸ್ತೆಯಲ್ಲಿ ನಿಲ್ಲಿಸಿದ ಕಾರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದಲ್ಲಿ ದೊಡ್ಡ ಗಾಡಿ ನಿಂತಿದ್ದರೆ ಏನೂ ಕಾಣಲ್ಲ, ಸ್ಕೂಟರ್ ಒಂದು ಬೆನ್ನ ಹಿಂದೆಯೇ ಸುಯ್ ಅಂತ ಹೋಗುತ್ತೆ. ಅದು ನಮಗೆ ಕಾಣುವ ಮೊದಲೇ ಕಾರು ಬೀಪ್ ಬೀಪ್ ಅಂತ ಕೂಗುತ್ತೆ.

ಸ್ಟೇರಿಂಗ್‌ಗೆ ಬರೋಣ. ರಸ್ತೆಯ ಬಿಳಿ ಗೆರೆ ನೋಡಿಕೊಂಡು ಕಾರನ್ನು ನಡುವೆ ಇಡುತ್ತೆ ಅಂತಾರೆ. ಗೆರೆ ಎಲ್ಲಿದೆ ಸ್ವಾಮಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರ್ ಉದ್ದಕ್ಕೂ ಇದೆ, ಒಪ್ಪುತ್ತೇನೆ. ಅಲ್ಲಿ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ, ಹಾಗಾಗಿ ಕ್ಯಾಮೆರಾಕ್ಕೂ ಗೊಂದಲ ಕಡಿಮೆ. ಮುಂದಿನ ಗಾಡಿಯಿಂದ ಅಂತರ ಬಿಟ್ಟು ಹೋಗುವ ಕ್ರೂಸ್ ಕಂಟ್ರೋಲ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಅದನ್ನು 80ಕ್ಕೆ ಹಾಕಿಟ್ಟರೆ ಬ್ಯಾಟರಿಯೂ ಉಳಿಯುತ್ತೆ, ಯಾಕೆಂದರೆ 100ರಲ್ಲಿ ಗಾಳಿಯ ತಡೆ 80ರದ್ದಕ್ಕಿಂತ ಒಂದೂವರೆ ಪಟ್ಟು. ಎಕ್ಸ್‌ಪ್ರೆಸ್‌ವೇ ಆಚೆಗೆ?

ಮಂಡ್ಯದಿಂದ ಕೆ.ಎಂ. ದೊಡ್ಡಿ ಕಡೆ ಕಬ್ಬು ಅರೆಯುವ ಕಾಲದಲ್ಲಿ ಕತ್ತಲಾದ ಮೇಲೆ ಹೋಗಿ ನೋಡಿ. ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತೆ, ಕಬ್ಬು ಗಾಡಿಯಿಂದ ಮಾರುದ್ದ ಆಚೆ ಚಾಚಿಕೊಂಡಿರುತ್ತೆ. ಹಾಗೆ ಹೊರಗೆ ಚಾಚಿದ ಸರಕು ಗೊತ್ತಾಗದೇ ಹೋಗಬಹುದು, ಪ್ರಾಣಿಗಳು ಗೊತ್ತಾಗದೇ ಹೋಗಬಹುದು ಅಂತ ಎಷ್ಟೋ ಕಾರುಗಳ ಮ್ಯಾನ್ಯುಯಲ್‌ನಲ್ಲೇ ಬರೆದಿದೆ. ಓದುವವರು ಯಾರು? ಇನ್ನು ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತೆ. ಹುಲ್ಲು ಹರಡಿದ ಮೇಲೆ ಇದ್ದ ಅರ್ಧ ಗೆರೆಯೂ ಹೋಯಿತು. ಗೆರೆ ಇರುವ ಕಡೆ ಗುಂಡಿ ತಪ್ಪಿಸಲು ಇಂಡಿಕೇಟರ್ ಹಾಕದೆ ಸ್ವಲ್ಪ ಬಲಕ್ಕೆ ಎಳೆದರೆ ಸ್ಟೇರಿಂಗ್ ವಾಪಸ್ ಗುಂಡಿ ಕಡೆಗೇ ಜಗ್ಗುತ್ತೆ. ನಾನು ಎಕ್ಸ್‌ಪ್ರೆಸ್‌ವೇ ಇಳಿದ ಕೂಡಲೇ ಅದರ ಬಟನ್ ಒತ್ತಿ ಆಫ್ ಮಾಡುತ್ತೇನೆ.

ವಿಶ್ವೇಶ್ವರಯ್ಯ ನಾಲೆ ಏರಿ ಮೇಲಿನ ರಸ್ತೆಗಳ ಬಗ್ಗೆ ಹೇಳದೆ ಇರಲಾರೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ನಾಲೆಗೆ ಬಿದ್ದು 30 ಜನ ಹೋದರು, ಶಾಲೆಯಿಂದ ಮನೆಗೆ ಬರುತ್ತಿದ್ದ ಮಕ್ಕಳೂ ಇದ್ದರು. ಆಮೇಲೂ ಕಾರುಗಳು ಬಿದ್ದಿವೆ. ಅಲ್ಲಿ ಬೇಕಾಗಿರುವುದು ತಡೆಗೋಡೆ. ಗೆರೆಯೇ ಇಲ್ಲದ ಏರಿ ಮೇಲೆ ಯಾವ ಕ್ಯಾಮೆರಾವೂ ಕಾರನ್ನು ಹಿಡಿದು ನಿಲ್ಲಿಸುವುದಿಲ್ಲ, ಅದನ್ನು ನಂಬಿ ಯಾರೂ ಆ ರಸ್ತೆಗೆ ಇಳಿಯಬೇಡಿ.

ದುಡ್ಡಿನ ಲೆಕ್ಕದಲ್ಲಿ ಒಂದು ವಿಷಯ ಶೋರೂಮ್‌ನವರು ಕೊನೆಗೆ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ 2024ರಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10 ಜೀವಿತಾವಧಿ ತೆರಿಗೆ ತಂದರು. ಅಡಾಸ್ ಆಸೆಗೆ ಮೇಲಿನ ಮಾಡೆಲ್‌ಗೆ ಹೋಗಿ ಬೆಲೆ ಆ ಗೆರೆ ದಾಟಿತು ಅಂದರೆ ತೆರಿಗೆಯೇ ಎರಡೂವರೆ ಲಕ್ಷದ ಮೇಲೆ. ಆಮೇಲೆ ಗಾಜು. ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಗಾಜು ಬಿರುಕು ಬಿಟ್ಟರೆ ಹೊಸದು ಹಾಕಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಅದಕ್ಕೆ ಬೇರೆ ಖರ್ಚು, ಊರಿನ ಗಾಜಿನ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ. ಮುಂದೆ ಬರುತ್ತೆ ಅನ್ನುವ ಸೌಲಭ್ಯಕ್ಕಂತೂ ಈಗಲೇ ಕೊಡಲೇಬೇಡಿ. ಟೆಸ್ಲಾ 2025ರ ಜುಲೈನಲ್ಲಿ ಮುಂಬೈಗೆ ಬಂದಾಗ ಸ್ವಯಂ ಚಾಲನೆಯ ಪ್ಯಾಕೇಜ್‌ಗೆ 6 ಲಕ್ಷ ಬೆಲೆ ಹಾಕಿತ್ತು. ಆಗ ಆ ಸೌಲಭ್ಯ ನಮ್ಮ ದೇಶದಲ್ಲಿ ಇರಲೇ ಇಲ್ಲ.

ಯುರೋಪಿನಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರುವ ಎಲ್ಲ ಕಾರುಗಳಿಗೂ ತುರ್ತು ಬ್ರೇಕ್ ಕಡ್ಡಾಯ. ನಮ್ಮ ಕೇಂದ್ರ ಸಾರಿಗೆ ಇಲಾಖೆ 2025ರಲ್ಲಿ ಬಸ್ಸು, ಲಾರಿಗಳಿಗೆ ಇಂಥದ್ದನ್ನು ಕಡ್ಡಾಯ ಮಾಡುವ ಕರಡು ಹೊರಡಿಸಿತು. ಕಾರುಗಳಿಗೂ ತರಲಿ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್, ಏರ್‌ಬ್ಯಾಗ್ ಕೂಡ ಒಂದು ಕಾಲಕ್ಕೆ ದುಬಾರಿ ಮಾಡೆಲ್‌ನಲ್ಲೇ ಇದ್ದವು, ಕಾನೂನು ಬಂದ ಮೇಲೆ ಎಲ್ಲ ಕಾರಿಗೂ ಬಂದವು. ಅಲ್ಲಿಯವರೆಗೆ ಕಂಪನಿಗಳು ಬ್ರೇಕ್ ಮತ್ತು ಹಿಂದಿನ ರೇಡಾರ್ ಎರಡನ್ನೇ ಕೆಳಗಿನ ಮಾಡೆಲ್‌ಗೂ ಬೇರೆ ಪ್ಯಾಕ್ ಆಗಿ ಕೊಡಲಿ, ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಸಕ್ಕರೆ ಕಾರ್ಖಾನೆಯವರು ರಿಫ್ಲೆಕ್ಟರ್ ಕಾಣದ ಟ್ರೇಲರ್‌ಗಳನ್ನು ಗೇಟಿನಲ್ಲೇ ತಡೆದರೆ ಅಡಾಸ್ ಇಲ್ಲದ ಬೈಕಿನವರೂ ಬದುಕುತ್ತಾರೆ.

ಕಾರು ನೋಡಲು ಹೋಗುವವರು ರಿಂಗ್ ರೋಡ್ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ, ನಿಮ್ಮ ಊರಿನ ರಸ್ತೆಗೇ ತರಲು ಹೇಳಿ, ಸಂಜೆ ಹೊತ್ತಿಗೆ. ಗಾಜು ಬದಲಿಸಿ ಕ್ಯಾಮೆರಾ ಹೊಂದಿಸಲು ಎಷ್ಟಾಗುತ್ತೆ, ಇನ್ಶೂರೆನ್ಸ್ ಅದನ್ನು ಕೊಡುತ್ತಾ ಅನ್ನೋದನ್ನು ಬುಕಿಂಗ್ ದುಡ್ಡು ಕಟ್ಟುವ ಮೊದಲೇ ಬರೆಸಿಕೊಳ್ಳಿ.

ಇತಿ,
ನಿಮ್ಮ ಓದುಗ, ಗುತ್ತಲು, ಮಂಡ್ಯ